ಪೂರ್ವಾಶ್ರಮವೂ ಪೂರ್ವಕಾಯಕವೂ

ಮನುಷ್ಯನು ತನ್ನ ಬಾಳಿನ ವೃತ್ತಾಂತವನ್ನು ಬರೆದು ಲೋಕದ ಮುಂದಿಡಬೇಕಾದ ಪ್ರಸಂಗಗಳು ಹಿಂದೆ ವಿರಳವಾಗಿದ್ದವು. ಊರಿನವನ ಕಥೆ ಊರಿಗೆ ಗೊತ್ತೇ ಇರುತ್ತಿತ್ತು. ಈಗ ಹಾಗಲ್ಲ. ಸನ್ಮಾನ ಸಮಾರಂಭಕ್ಕೆ, ಅಭಿನಂದನ ಗ್ರಂಥಕ್ಕೆ, ಸಭೆಯ ಪರಿಚಯಭಾಷಣಕ್ಕೆ, ಕೊನೆಗೆ ಲಿಂಗೈಕ್ಯರಾದ ಮೇಲೆ ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲಿಗೂ ಒಂದು ಜೀವನವೃತ್ತಾಂತ ಬೇಕಾಗುತ್ತದೆ. ಅರವತ್ತು ಎಪ್ಪತ್ತು ವರ್ಷಗಳ ಬಾಳನ್ನು ಒಂದು ಪುಟಕ್ಕೆ ಇಳಿಸುವಾಗ ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬುದು ಮೇಲ್ನೋಟಕ್ಕೆ ಬರವಣಿಗೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದು ಧರ್ಮದ ಪ್ರಶ್ನೆ.

ಈ ವಿಚಾರವನ್ನು ನಮ್ಮ ಮುಂದಿಟ್ಟವರು ಸೈನ್ಯದಿಂದ ನಿವೃತ್ತರಾದ ಒಬ್ಬ ಸದ್ಭಕ್ತರು. ಅವರು ಮೊದಲು ಸಿಪಾಯಿಯಾಗಿ ಸೇರಿ, ಕೆಲವು ವರ್ಷ ದುಡಿದು, ಆಮೇಲೆ ಪರೀಕ್ಷೆ ಕೊಟ್ಟು, ಆಯ್ಕೆಯಾಗಿ ಅಧಿಕಾರಿಗಳಾದವರು. ಅವರ ಸೇವಾವೃತ್ತಾಂತವು ಒಂದು ಸ್ಮರಣ ಸಂಪುಟದಲ್ಲಿ ಅಚ್ಚಾಗಬೇಕಾಗಿತ್ತು. ಸಿಪಾಯಿಗಿರಿಯ ವರ್ಷಗಳನ್ನು ಕೈಬಿಟ್ಟು, ಅಧಿಕಾರಿಯಾದ ದಿನದಿಂದಲೇ ಆರಂಭಿಸುವುದು ಒಳ್ಳೆಯದೆಂದು ಮನೆಯ ಕಿರಿಯರು ಸೂಚಿಸಿದರಂತೆ. ‘ಅಪ್ಪಾವರೇ, ಇಲ್ಲದ್ದನ್ನು ಹೇಳಿದರೆ ಸುಳ್ಳು, ಅದು ನನಗೆ ಗೊತ್ತು. ಇದ್ದದ್ದನ್ನು ಹೇಳದೆ ಬಿಟ್ಟರೆ ಅದೂ ಸುಳ್ಳಾಗುತ್ತದೆಯೇ?’ ಎಂದು ಅವರು ಕೇಳಿದರು. ಪ್ರಶ್ನೆ ಒಬ್ಬರದಾದರೂ ಅದರ ಉತ್ತರ ಅನೇಕರಿಗೆ ಬೇಕಾದುದೆಂದು ತೋರಿದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸಿದ್ದೇವೆ.

ಸೈನ್ಯದ ವ್ಯವಸ್ಥೆಯನ್ನು ಅರಿಯದವರಿಗೆ ಒಂದು ಮಾತು. ಸಿಪಾಯಿ, ನಾಯಕ, ಹವಾಲ್ದಾರ, ಸುಬೇದಾರ ಎಂಬ ಮೆಟ್ಟಿಲುಗಳು ಒಂದು ಕಡೆ. ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಕರ್ನಲ್ ಎಂಬ ಮೆಟ್ಟಿಲುಗಳು ಇನ್ನೊಂದು ಕಡೆ. ಇವೆರಡರ ನಡುವೆ ಇರುವುದು ಒಂದು ಮೆಟ್ಟಿಲಲ್ಲ, ಒಂದು ಗೋಡೆ. ಗೋಡೆಯ ಆಚೆಗೆ ಹೋಗಲು ಕಮಿಷನ್ ಎಂಬ ಅಧಿಕಾರಪತ್ರ ಬೇಕು. ಹೆಚ್ಚಿನವರು ಕಾಲೇಜಿನಿಂದ ನೇರವಾಗಿ ಆಚೆಯ ಕಡೆಗೇ ಸೇರುತ್ತಾರೆ. ಈಚೆಯ ಕಡೆ ವರ್ಷಗಟ್ಟಲೆ ದುಡಿದು ಗೋಡೆಯನ್ನು ದಾಟಿದವರು ಕೆಲವರೇ. ದಾಟಿದವರಿಗೆ ಊಟದ ಮನೆ ಬೇರೆಯಾಗುತ್ತದೆ, ವಾಸದ ಮನೆ ಬೇರೆಯಾಗುತ್ತದೆ, ನಿನ್ನೆಯ ಜೊತೆಗಾರನು ಇಂದು ಎದ್ದುನಿಂತು ವಂದಿಸುತ್ತಾನೆ. ಹೀಗಿರಲು, ಹಿಂದಿನ ಬಾಳು ಮುಗಿಯಿತು, ಹೊಸದು ಮೊದಲಾಯಿತು ಎಂಬ ಭಾವನೆ ಮೂಡುವುದು ಸಹಜವಾಗಿದೆ.

ಬಿಡಬಹುದು ಎನ್ನುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರು ಮೂರು ಕಾರಣಗಳನ್ನು ಕೊಡುತ್ತಾರೆ. ಒಂದು: ವೃತ್ತಾಂತವು ಪದವಿಯನ್ನು ಕುರಿತದ್ದು, ಆ ಪದವಿಗೆ ಸಂಬಂಧಿಸದ ವಿವರಗಳನ್ನು ಬಿಡುವುದು ಸಂಕ್ಷೇಪವೇ ಹೊರತು ವಂಚನೆಯಲ್ಲ. ಎರಡು: ತಾನು ಪಟ್ಟ ಪಾಡನ್ನು ಹೇಳಿಕೊಳ್ಳದಿರುವುದು ವಿನಯದ ಲಕ್ಷಣ. ಮೂರು: ನಮ್ಮ ಧರ್ಮವೇ ಪೂರ್ವಾಶ್ರಮವನ್ನು ಎಣಿಸಬೇಡವೆಂದು ಬೋಧಿಸಿದೆ, ದೀಕ್ಷೆಯಿಂದ ಮನುಷ್ಯನಿಗೆ ಹೊಸ ಹುಟ್ಟು ಬರುವಂತೆ ಅಧಿಕಾರಪತ್ರದಿಂದ ಸೈನಿಕನಿಗೆ ಹೊಸ ಹುಟ್ಟು ಬಂದಿದೆ. ಈ ಮೂರರಲ್ಲಿ ಕೊನೆಯದು ಗಂಭೀರವಾದುದು. ಅದಕ್ಕೆ ಮುಂದೆ ಬರುತ್ತೇವೆ. ಅದಕ್ಕೆ ಮೊದಲು, ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಎದುರಿಸಿದ ಒಬ್ಬ ಪರದೇಶದ ಯೋಧನ ಚರಿತ್ರೆಯನ್ನು ನೋಡುವುದು ಪ್ರಯೋಜನಕರ.

ವಿಲಿಯಂ ರಾಬರ್ಟ್‌ಸನ್ 1860ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ವೆಲ್ಬರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಊರಿನ ದರ್ಜಿ, ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದವನು. ಮಗನು 1877ರಲ್ಲಿ ಅಶ್ವದಳದ ಸಾಮಾನ್ಯ ಸವಾರನಾಗಿ ಸೇರಿದನು. ಹದಿನೆಂಟು ತುಂಬಲು ಇನ್ನೂ ಕೆಲವು ವಾರಗಳು ಉಳಿದಿದ್ದುದರಿಂದ ವಯಸ್ಸನ್ನು ಹೆಚ್ಚಾಗಿ ಬರೆಸಲಾಯಿತು. ಆ ಕಾಲದಲ್ಲಿ ಸಿಪಾಯಿಗಿರಿಯೆಂದರೆ ಮರ್ಯಾದಸ್ಥರ ಮನೆಯವರು ಮುಖ ಮುಚ್ಚಿಕೊಳ್ಳುವ ಉದ್ಯೋಗವಾಗಿತ್ತು. ಮಗನನ್ನು ಸೈನ್ಯದ ಕೆಂಪಂಗಿಯಲ್ಲಿ ಕಾಣುವುದಕ್ಕಿಂತ ಮಣ್ಣಿಗೆ ಕೊಡುವುದೇ ಮೇಲೆಂಬ ಅರ್ಥದ ಪತ್ರವನ್ನು ಅವನ ತಾಯಿ ಬರೆದಳು. ಹೆತ್ತವಳ ಬಾಯಲ್ಲಿ ಈ ಮಾತು ಬರಬೇಕಾದರೆ ಆ ಸಮಾಜವು ಸಿಪಾಯಿಯನ್ನು ಎಷ್ಟು ಹೀನವಾಗಿ ಕಂಡಿರಬೇಕು! ಅಧಿಕಾರಿ ಪದವಿಗಳಾದರೋ 1871ರವರೆಗೆ ಹಣಕ್ಕೆ ಬಿಕರಿಯಾಗುತ್ತಿದ್ದವು. ಮಾರಾಟವು ನಿಂತರೂ ಹಣವಂತರ ಮನೆಗಳ ಮಕ್ಕಳೇ ಅಲ್ಲಿ ತುಂಬಿದ್ದರು.

ರಾಬರ್ಟ್‌ಸನ್ ಹನ್ನೊಂದು ವರ್ಷ ಸಿಪಾಯಿಗಳ ಸಾಲಿನಲ್ಲಿ ದುಡಿದನು. 1888ರಲ್ಲಿ ಅಧಿಕಾರಪತ್ರ ದೊರೆತು ಭಾರತಕ್ಕೆ ಬಂದನು. ಅಧಿಕಾರಿಯ ಸಂಬಳದಲ್ಲಿ ಅಧಿಕಾರಿಯ ಬಾಳು ಸಾಗುವಂತಿರಲಿಲ್ಲ. ಇತರರು ಮನೆಯಿಂದ ಹಣ ತರಿಸಿಕೊಳ್ಳುತ್ತಿದ್ದರು. ಇವನಿಗೆ ತಂದೆಯೇ ಸಮವಸ್ತ್ರ ಹೊಲಿದು ಕೊಟ್ಟನು. ಭೋಜನಶಾಲೆಯಲ್ಲಿ ಇತರರು ದ್ರಾಕ್ಷಾರಸ ಕುಡಿಯುವಾಗ ಇವನು ನೀರು ಕುಡಿದನು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಜೊತೆಯವರು ಮಲಗಿರುವಾಗ ಇಲ್ಲಿನ ಪಂಡಿತರನ್ನೂ ಮುನ್ಷಿಗಳನ್ನೂ ಇರಿಸಿಕೊಂಡು ಉರ್ದು, ಪಾರಸಿ, ಪಂಜಾಬಿ, ಪುಷ್ತು ಮುಂತಾದ ಭಾಷೆಗಳನ್ನು ಕಲಿತನು. 1897ರಲ್ಲಿ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದನು. ಸಿಪಾಯಿಗಳ ಸಾಲಿನಿಂದ ಬಂದು ಅಲ್ಲಿ ಓದಿದವರಲ್ಲಿ ಇವನೇ ಮೊದಲಿಗನು. ಮೊದಲನೆಯ ಮಹಾಯುದ್ಧದ ನಡುವೆ, 1915ರ ಕೊನೆಯಿಂದ 1918ರ ಆರಂಭದವರೆಗೆ, ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಾಡಳಿತದ ಮುಖ್ಯಸ್ಥನಾಗಿದ್ದನು. 1920ರಲ್ಲಿ ಫೀಲ್ಡ್ ಮಾರ್ಷಲ್ ಆದನು. ಆ ಸೈನ್ಯದಲ್ಲಿ ಕಟ್ಟಕಡೆಯ ಸಾಲಿನಿಂದ ಮೊದಲುಗೊಂಡು ಅತ್ಯುಚ್ಚ ಪದವಿಯವರೆಗೆ ಎಲ್ಲ ಮೆಟ್ಟಿಲುಗಳನ್ನು ಹತ್ತಿದವನು ಅವನೊಬ್ಬನೇ.

1921ರಲ್ಲಿ ಅವನು ತನ್ನ ಆತ್ಮಕಥೆಯನ್ನು ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರು ‘ಫ್ರಮ್ ಪ್ರೈವೇಟ್ ಟು ಫೀಲ್ಡ್ ಮಾರ್ಷಲ್’. ಎಂದರೆ, ಸಾಮಾನ್ಯ ಸೈನಿಕನಿಂದ ಫೀಲ್ಡ್ ಮಾರ್ಷಲ್‌ವರೆಗೆ. ಯಾವುದನ್ನು ತಾಯಿಯೇ ಅವಮಾನವೆಂದು ಬಗೆದಿದ್ದಳೋ ಅದನ್ನು ಮಗನು ಪುಸ್ತಕದ ಮುಖಪುಟದ ಮೇಲೆ ಅಚ್ಚು ಮಾಡಿಸಿದನು. ಇದು ಧೀರನ ನಡೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ನಮ್ಮ ವಿಚಾರಕ್ಕೆ ಅದೇ ಮುಖ್ಯ. ಸೈನ್ಯಕ್ಕೆ ಸೇರುವ ಮುನ್ನ ರಾಬರ್ಟ್‌ಸನ್ ಕಾರ್ಡಿಗನ್ ಪ್ರಭುಮನೆತನದ ಭವನದಲ್ಲಿ ಪರಿಚಾರಕನಾಗಿದ್ದನು. ಬಾಗಿಲು ತೆಗೆಯುವುದು, ತಟ್ಟೆ ಹಿಡಿದು ನಿಲ್ಲುವುದು, ಒಡೆಯರ ಕರೆಗೆ ಓಡುವುದು ಅಂಥವನ ಕೆಲಸ. ಸಿಪಾಯಿಗಿರಿಯನ್ನು ಮುಖಪುಟದ ಮೇಲೆ ಇಟ್ಟವನು ಈ ಪರಿಚಾರಿಕೆಯನ್ನು ಪುಸ್ತಕದ ಯಾವ ಪುಟದಲ್ಲಿಯೂ ಇಡಲಿಲ್ಲ. ಆಪ್ತ ಸಹಾಯಕನೊಡನೆ ಎಂದೋ ಒಮ್ಮೆ, ತಾನು ಬಹಳ ಕೆಟ್ಟ ಪರಿಚಾರಕನಾಗಿದ್ದೆನೆಂದು ನಗೆಯಾಡಿದ್ದುಂಟು, ಲೋಕದೊಡನೆ ಆಡಲಿಲ್ಲ.

ಒಂದನ್ನು ಮೆರೆಸಿ ಇನ್ನೊಂದನ್ನು ಮರೆಸಿದ್ದು ಏಕೆ? ಎರಡೂ ಬಡವನ ಮಗನು ಹೊಟ್ಟೆಗಾಗಿ ಮಾಡಿದ ಪ್ರಾಮಾಣಿಕವಾದ ದುಡಿಮೆಗಳೇ. ಭೇದವಿರುವುದು ದುಡಿಮೆಯಲ್ಲಿ ಅಲ್ಲ, ಅದು ಕೊಡುವ ಕಾಂತಿಯಲ್ಲಿ. ಸಿಪಾಯಿಗಿರಿಯು ಫೀಲ್ಡ್ ಮಾರ್ಷಲ್ ಪದವಿಗೆ ಹೋಗುವ ಏಣಿಯ ಮೊದಲ ಮೆಟ್ಟಿಲು. ಏಣಿಯು ಎಷ್ಟು ಕೆಳಗಿನಿಂದ ಮೊದಲಾದರೆ ಹತ್ತಿದವನಿಗೆ ಅಷ್ಟು ಕೀರ್ತಿ. ಪರಿಚಾರಿಕೆಯು ಯಾವ ಏಣಿಯ ಮೆಟ್ಟಿಲೂ ಅಲ್ಲ. ಅದು ಬರಿಯ ಕೆಲಸ. ಅದನ್ನು ಹೇಳಿದರೆ ಇಂದಿನ ಹಿರಿಮೆಗೆ ಏನೂ ಕೂಡುವುದಿಲ್ಲ.

ಇಲ್ಲಿ ನಮ್ಮೆಲ್ಲರ ಮನಸ್ಸಿನ ಒಂದು ಗುಟ್ಟು ಬಯಲಾಗುತ್ತದೆ. ಇಂದಿನ ಪದವಿಗೆ ಹೊಳಪು ಕೊಡುವ ಹಿಂದಿನ ಬಡತನವನ್ನು ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಹೊಳಪು ಕೊಡದ ಬಡತನವನ್ನು ಬಚ್ಚಿಡುತ್ತೇವೆ. ಆದುದರಿಂದ ವೃತ್ತಾಂತದ ಸತ್ಯವನ್ನು ಅಳೆಯುವ ಅಳತೆಗೋಲು ‘ಕಷ್ಟವನ್ನು ಹೇಳಿಕೊಂಡಿದ್ದಾನೆಯೇ’ ಎಂಬುದಲ್ಲ, ‘ತನಗೆ ಲಾಭವಿಲ್ಲದ ಸತ್ಯವನ್ನೂ ಹೇಳಿದ್ದಾನೆಯೇ’ ಎಂಬುದು. ರಾಬರ್ಟ್‌ಸನ್ನನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವನು ಅರ್ಧದಷ್ಟಾದರೂ ದಾಟಿದನು. ಅವನ ಕಾಲದ ಹಲವರು ಅಷ್ಟನ್ನೂ ದಾಟಲಿಲ್ಲ.

ಇನ್ನು ಪೂರ್ವಾಶ್ರಮದ ಮಾತಿಗೆ ಬರೋಣ. ಭಕ್ತನಾದವನ ಪೂರ್ವಾಶ್ರಮವನ್ನು ಕೆದಕಬಾರದೆಂಬುದು ಶರಣಧರ್ಮದ ದೃಢವಾದ ನಿಲುವು. ಗುರುಕರಜಾತನಾದವನಿಗೆ ಹಿಂದಿನ ಕುಲದ ಹೆಸರು ಅಂಟುವುದಿಲ್ಲ. ವಿರಕ್ತನ ವೃತ್ತಾಂತವನ್ನು ಬರೆಯುವಾಗ ತಂದೆತಾಯಿಗಳ ಹೆಸರನ್ನೂ ಸಂಕೋಚದಿಂದಲೇ ಬರೆಯುವ ಸಂಪ್ರದಾಯ ನಮ್ಮಲ್ಲಿದೆ. ಹಾಗಾದರೆ ಸೈನಿಕನು ತನ್ನ ಪೂರ್ವದ ಸಾಲನ್ನು ಅಳಿಸಿಹಾಕಿದರೆ ತಪ್ಪೇನು?

ಶರಣರು ಏನನ್ನು ಅಳಿಸಿದರು, ಏನನ್ನು ಉಳಿಸಿಕೊಂಡರು ಎಂಬುದನ್ನು ಗಮನವಿಟ್ಟು ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಅವರು ಅಳಿಸಿದ್ದು ಕುಲದ ಮೇಲುಕೀಳನ್ನು. ಅವರು ಉಳಿಸಿಕೊಂಡದ್ದು ಕಾಯಕದ ಹೆಸರನ್ನು. ಮಡಿವಾಳ ಮಾಚಿದೇವರು ಅನುಭಾವದ ಶಿಖರವನ್ನು ಏರಿದ ಮೇಲೆಯೂ ‘ಮಡಿವಾಳ’ ಎಂಬ ಮಾತನ್ನು ಹೆಸರಿನಿಂದ ಕಳಚಲಿಲ್ಲ. ಅಂಬಿಗರ ಚೌಡಯ್ಯನವರು ದೋಣಿಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡರು. ನುಲಿಯ ಚಂದಯ್ಯನವರು ಹಗ್ಗವನ್ನು, ಮೇದಾರ ಕೇತಯ್ಯನವರು ಬಿದಿರನ್ನು, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ನೆಲದಿಂದ ಆಯ್ದ ಅಕ್ಕಿಯ ಕಾಳನ್ನು ಎಂಟುನೂರು ವರ್ಷಗಳಿಗೂ ಮೀರಿ ಹೊತ್ತು ನಿಂತಿದ್ದಾರೆ. ಕುಲವು ಹುಟ್ಟಿನಿಂದ ಬಂದುದು. ಅದರಲ್ಲಿ ನಮ್ಮ ಶ್ರಮವೂ ಇಲ್ಲ, ತಪ್ಪೂ ಇಲ್ಲ. ಆದುದರಿಂದ ಅದನ್ನು ಮರೆಯಬಹುದು. ಕಾಯಕವು ಕೈಯಿಂದ ಬಂದುದು. ಅದನ್ನು ಮರೆಯುವುದೆಂದರೆ ತನ್ನ ಕೈಯನ್ನೇ ತಾನು ಅಲ್ಲಗಳೆದಂತೆ. ಪೂರ್ವಾಶ್ರಮ ಬೇರೆ, ಪೂರ್ವಕಾಯಕ ಬೇರೆ. ಸಿಪಾಯಿಗಿರಿಯು ಜಾತಿಯಲ್ಲ, ಕಾಯಕ.

ಈ ಸಂದರ್ಭದಲ್ಲಿ ಇಬ್ಬರು ಶರಣರ ನೆನಪು ವಿಶೇಷವಾಗಿ ಬರುತ್ತದೆ. ಒಬ್ಬರು ಹಡಪದ ಅಪ್ಪಣ್ಣನವರು. ಅವರು ಬಸವಣ್ಣನವರ ಆಪ್ತ ಪರಿಚಾರಕರು. ಹಡಪವೆಂದರೆ ಎಲೆಯಡಕೆಯ ಚೀಲ. ಒಡೆಯನ ಬಳಿ ಆ ಚೀಲವನ್ನು ಹಿಡಿದು ನಿಲ್ಲುವುದು ಲೋಕದ ಕಣ್ಣಿಗೆ ಊಳಿಗದ ಕೆಲಸ. ಇಂಗ್ಲೆಂಡಿನ ಫೀಲ್ಡ್ ಮಾರ್ಷಲನು ಆತ್ಮಕಥೆಯಿಂದ ಹೊರಗಿಟ್ಟದ್ದೂ ಇಂಥ ಕೆಲಸವನ್ನೇ. ಅನುಭವಮಂಟಪದ ಗಣ್ಯರಾದ ಅಪ್ಪಣ್ಣನವರು ಅದನ್ನೇ ತಮ್ಮ ಹೆಸರಿನ ಮೊದಲ ಪದವಾಗಿ ಉಳಿಸಿಕೊಂಡರು. ಇನ್ನೊಬ್ಬರು ಮೋಳಿಗೆ ಮಾರಯ್ಯನವರು. ಅವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬಾಳಿದರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿ ನಿಂತದ್ದು ಸಿಂಹಾಸನವಲ್ಲ, ಕಟ್ಟಿಗೆಯ ಹೊರೆ. ನಮ್ಮ ಹಿರಿಯರ ಪರಿಚಯಪತ್ರಗಳು ಹೀಗಿದ್ದವು!

ಬಿಟ್ಟರೆ ಯಾರಿಗೆ ನಷ್ಟ ಎಂದು ಕೇಳುವವರುಂಟು. ಮೊದಲ ನಷ್ಟವು ಇನ್ನೂ ಆ ಸಾಲಿನಲ್ಲಿ ನಿಂತಿರುವ ತರುಣನಿಗೆ. ಡೆಹರಾಡೂನಿನ ಸೈನಿಕ ಅಕಾಡೆಮಿಯು 1932ರಲ್ಲಿ ನಲವತ್ತು ಮಂದಿಯೊಡನೆ ಆರಂಭವಾಯಿತು. ಆ ಮೊದಲ ತಂಡದಲ್ಲಿಯೇ ಸಿಪಾಯಿಗಳ ಸಾಲಿನಿಂದ ಆಯ್ದು ಬಂದವರಿದ್ದರು. ಅದೇ ತಂಡದ ಮೂವರು ಮುಂದೆ ಮೂರು ದೇಶಗಳ ಸೇನಾಮುಖ್ಯರಾದರು: ಭಾರತಕ್ಕೆ ಮಾಣೆಕ್ ಷಾ, ಬರ್ಮಾಕ್ಕೆ ಸ್ಮಿತ್ ಡನ್, ಪಾಕಿಸ್ತಾನಕ್ಕೆ ಮಹಮ್ಮದ್ ಮೂಸಾ. ಇವರಲ್ಲಿ ಮೂಸಾ 1926ರಲ್ಲಿ ಹಜಾರಾ ಪಯೊನಿಯರ್ಸ್ ಪಲ್ಟಣದ ಸಾಮಾನ್ಯ ಜವಾನರಾಗಿ ಸೇರಿದ್ದವರು. 1965ರ ಯುದ್ಧದಲ್ಲಿ ನಮ್ಮ ಎದುರು ನಿಂತ ಸೈನ್ಯಕ್ಕೆ ಅವರೇ ದಂಡನಾಯಕರು. ಎದುರಾಳಿಯಲ್ಲಿಯೂ ಗುಣವಿದ್ದರೆ ಒಪ್ಪಬೇಕು. ಅವರು ತಮ್ಮ ನೆನಪುಗಳ ಪುಸ್ತಕಕ್ಕೆ ‘ಜವಾನ್ ಟು ಜನರಲ್’ ಎಂದು ಹೆಸರಿಟ್ಟರು. ಅದನ್ನು ನೋಡಿದ ಯಾವ ಜವಾನನಿಗಾದರೂ ಗೋಡೆಯಲ್ಲಿ ಒಂದು ಬಾಗಿಲುಂಟೆಂದು ತಿಳಿಯುತ್ತದೆ.

ನಮ್ಮ ದೇಶದಲ್ಲಿ ಆ ಬಾಗಿಲು ಗಟ್ಟಿಯಾಗಿಯೇ ಇದೆ. 1929ರಲ್ಲಿ ನೌಗಾಂವ್‌ನಲ್ಲಿ ಕಿಚನರ್ ಕಾಲೇಜೆಂದು ಆರಂಭವಾದ ಸಂಸ್ಥೆಯ ಪರಂಪರೆಯಲ್ಲಿ 1960ರಲ್ಲಿ ಆರ್ಮಿ ಕೆಡೆಟ್ ಕಾಲೇಜು ರೂಪುಗೊಂಡು, 1977ರಲ್ಲಿ ಡೆಹರಾಡೂನಿಗೆ ಬಂದಿತು. ಸೇವೆಯಲ್ಲಿರುವ ಸಿಪಾಯಿಗಳು ಆಯ್ಕೆಯಾಗಿ, ಅಲ್ಲಿ ಮೂರು ವರ್ಷ ಓದಿ, ಅನಂತರ ಅಕಾಡೆಮಿಯಲ್ಲಿ ತರಬೇತಿ ಪಡೆದು ಅಧಿಕಾರಿಗಳಾಗುತ್ತಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ನಮ್ಮ ಸೀಮೆಯ ರೈತರ ಮಕ್ಕಳು ಸಿಪಾಯಿಗಳಾಗಿ ಸೇರುತ್ತಲೇ ಇದ್ದಾರೆ. ದಾಟಿ ಹೋದವನು ದಾಟಿದ ಗುರುತನ್ನು ಒರಸಿಹಾಕಿದರೆ ಹಿಂದೆ ಬರುವವನಿಗೆ ದಾರಿ ಕಾಣುವುದು ಹೇಗೆ? ಆ ಬಾಗಿಲು ತನ್ನಂಥವರಿಗಲ್ಲವೆಂದು ಅವನು ಬಗೆದು ಕುಳಿತರೆ, ಆ ನಿರಾಶೆಯಲ್ಲಿ ಅಡಗಿಸಿದವನ ಪಾಲೂ ಇಲ್ಲವೆ?

ಎರಡನೆಯ ನಷ್ಟವು ಕಲಿಸಿದವರಿಗೆ. ಹೆಜ್ಜೆ ಹಾಕುವುದನ್ನು, ಕೋವಿ ಬಿಚ್ಚಿ ಜೋಡಿಸುವುದನ್ನು, ಚಳಿಯಲ್ಲಿ ನಿದ್ದೆ ತಡೆಯುವುದನ್ನು ಕಲಿಸಿದವನು ಒಬ್ಬ ಹವಾಲ್ದಾರ. ವೃತ್ತಾಂತದಿಂದ ಆ ವರ್ಷಗಳನ್ನು ತೆಗೆದರೆ ಅವನನ್ನೂ ತೆಗೆದಂತಾಯಿತು. ಗುರುವನ್ನು ಮರೆಸಿ ವಿದ್ಯೆಯನ್ನು ಮೆರೆಸುವುದು ಯಾವ ಧರ್ಮದಲ್ಲಿಯೂ ಸಲ್ಲದು.

ಮೂರನೆಯದು ಲೆಕ್ಕದ ಮಾತು. ಅಮೆರಿಕದ ಸೈನ್ಯದ ವೇತನಪಟ್ಟಿಯಲ್ಲಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಾಮಾನ್ಯ ಸೈನಿಕನಾಗಿ ದುಡಿದು ಅಧಿಕಾರಿಯಾದವನಿಗೆ ಮೊದಲ ಮೂರು ಪದವಿಗಳಲ್ಲಿ ಹೆಚ್ಚಿನ ಸಂಬಳದ ಪ್ರತ್ಯೇಕ ಸಾಲೇ ಇದೆ. ಸರಕಾರದ ಖಜಾನೆ ಆ ವರ್ಷಗಳನ್ನು ನೆನಪಿಟ್ಟುಕೊಂಡಿದೆ. ಸಂಬಳದ ದಿನ ಆ ವರ್ಷಗಳನ್ನು ಎಣಿಸಿಕೊಂಡು, ಸನ್ಮಾನದ ದಿನ ಅವನ್ನು ಮರೆಯುವುದು ಎಂಥ ನ್ಯಾಯ? ಹಣಕ್ಕೆ ಬೇಕಾದ ವರ್ಷಗಳು ಮಾನಕ್ಕೆ ಬೇಡವಾದವೆ?

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಅಪಾಯವನ್ನೂ ಹೇಳಬೇಕು. ಬಿಡುವುದು ಒಂದು ದೋಷವಾದರೆ ಕೂಡಿಸುವುದು ಇನ್ನೊಂದು ದೋಷ. ನಮ್ಮ ಸೈನ್ಯದಲ್ಲಿ ಸುಬೇದಾರರಂಥ ಹಿರಿಯರಿಗೆ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಎಂಬ ಪದವಿಗಳನ್ನು ಕೊಡುವ ಪದ್ಧತಿಯಿದೆ. ಅದು ದೊಡ್ಡ ಗೌರವ. ಆದರೆ ಪರಿಚಯಿಸುವವರು ‘ಗೌರವ’ ಎಂಬ ಮಾತನ್ನು ನುಂಗಿಬಿಡುತ್ತಾರೆ. ಹಿಂದಿನ ಸಾಹಸವನ್ನೂ ಇಂದಿನ ಪದವಿಯ ಹೆಸರಿನಲ್ಲಿ ಹೇಳುತ್ತಾರೆ. ಸಿಯಾಚಿನ್ ಹಿಮಶಿಖರದ ಠಾಣ್ಯವನ್ನು 1987ರಲ್ಲಿ ಗೆದ್ದಾಗ ಬಾಣಾಸಿಂಗರು ನಾಯಬ್ ಸುಬೇದಾರರು. 1999ರಲ್ಲಿ ಟೈಗರ್ ಹಿಲ್ಲಿನ ಬಂಡೆಯನ್ನು ಏರಿದಾಗ ಯೋಗೇಂದ್ರಸಿಂಗ್ ಯಾದವರು ಗ್ರೆನೇಡಿಯರ್, ಎಂದರೆ ಸಾಮಾನ್ಯ ಸಿಪಾಯಿ. ಇಬ್ಬರೂ ಮುಂದೆ ಗೌರವ ಕ್ಯಾಪ್ಟನ್ ಆದರು. ‘ಕ್ಯಾಪ್ಟನ್ ಒಬ್ಬನು ಶಿಖರವನ್ನು ಗೆದ್ದನು’ ಎಂದು ಹೇಳಿದರೆ ಅವರಿಗೆ ಹೆಚ್ಚಿನ ಮಾನವೇನೂ ಬರುವುದಿಲ್ಲ; ಸಿಪಾಯಿಯ ಸಾಲಿಗೆ ಸಲ್ಲಬೇಕಾದ ಮಾನವು ಕಳುವಾಗುತ್ತದೆ. ಪರಮವೀರ ಚಕ್ರವು ಪದವಿಯನ್ನು ನೋಡಿ ಬಂದದ್ದಲ್ಲ. 1948ರಲ್ಲಿ ನಾಯಕ ಜದುನಾಥಸಿಂಗ್, 1965ರಲ್ಲಿ ಹವಾಲ್ದಾರ ಅಬ್ದುಲ್ ಹಮೀದ್, 1971ರಲ್ಲಿ ಲಾನ್ಸ್ ನಾಯಕ ಆಲ್ಬರ್ಟ್ ಎಕ್ಕಾ, ಇವರೆಲ್ಲ ಆ ಸಾಲಿನಲ್ಲಿ ನಿಂತೇ ದೇಶದ ಪರಮೋಚ್ಚ ಗೌರವಕ್ಕೆ ಪಾತ್ರರಾದರು, ಪ್ರಾಣವನ್ನೂ ಅರ್ಪಿಸಿದರು. ಈ ಸಾಲನ್ನು ಕೀಳೆಂದು ಬಚ್ಚಿಡುವವನು ಇವರ ಮುಂದೆ ಹೇಗೆ ತಲೆಯೆತ್ತಿ ನಿಂತಾನು?

ವೃತ್ತಾಂತದ ಚಿಕ್ಕ ವಿವರವೂ ಎಷ್ಟು ಭಾರವಾಗಬಲ್ಲುದೆಂಬುದಕ್ಕೆ ಅಮೆರಿಕದ ಒಂದು ದುಃಖದ ಪ್ರಸಂಗವಿದೆ. ಜೆರೆಮಿ ಬೂರ್ಡ ಎಂಬವರು 1956ರಲ್ಲಿ, ವಯಸ್ಸನ್ನು ಹೆಚ್ಚಾಗಿ ಹೇಳಿ, ನೌಕಾದಳದ ಸಾಮಾನ್ಯ ನಾವಿಕರಾಗಿ ಸೇರಿದರು. 1962ರಲ್ಲಿ ಅಧಿಕಾರಿಯಾದರು. 1994ರಲ್ಲಿ ಇಡೀ ನೌಕಾದಳದ ಮುಖ್ಯಸ್ಥರಾದರು; ಸಾಮಾನ್ಯ ನಾವಿಕರ ಸಾಲಿನಿಂದ ಬಂದು ಆ ಸ್ಥಾನವನ್ನು ಏರಿದವರಲ್ಲಿ ಅವರೇ ಮೊದಲಿಗರು. ತಮ್ಮ ಮೂಲವನ್ನು ಅವರು ಮರೆಯಲಿಲ್ಲ. ನಾವಿಕರು ಅಧಿಕಾರಿಗಳಾಗುವ ಯೋಜನೆಯೊಂದನ್ನು ಮತ್ತೆ ಊರ್ಜಿತಗೊಳಿಸಿದರು. ಆದರೆ ಅವರು ಧರಿಸುತ್ತಿದ್ದ ಎರಡು ಪದಕಪಟ್ಟಿಗಳ ಮೇಲಿನ, ಯುದ್ಧರಂಗದ ಸೇವೆಯನ್ನು ಸೂಚಿಸುವ ಪುಟ್ಟದೊಂದು ಕಂಚಿನ ಅಕ್ಷರಕ್ಕೆ ಅವರು ಅರ್ಹರೇ ಎಂಬ ಪ್ರಶ್ನೆ ಎದ್ದಿತು. ಅವರು ಅದನ್ನು ಆ ಮೊದಲೇ ತೆಗೆದಿದ್ದರು. ಆದರೂ ಪತ್ರಕರ್ತರು ಆ ಬಗ್ಗೆ ವಿಚಾರಿಸಲಿದ್ದ ದಿನವೇ, 1996ರ ಮೇ 16ರಂದು, ತಮ್ಮ ಕೈಯಿಂದಲೇ ಪ್ರಾಣ ನೀಗಿದರು. ಅರ್ಹತೆಯ ವಿಷಯದಲ್ಲಿ ಮುಂದೆ ನೌಕಾದಳದೊಳಗೇ ಎರಡು ಅಭಿಪ್ರಾಯಗಳು ಬಂದವು. ಆ ಜೀವವನ್ನು ತೂಗಿನೋಡುವುದು ನಮ್ಮ ಕೆಲಸವಲ್ಲ. ತೂಗುವವನು ಬೇರೆ ಇದ್ದಾನೆ. ನಾವು ಕಲಿಯಬೇಕಾದುದು ಎರಡು. ಕಾಗದದಲ್ಲಿ ಇರುವುದಕ್ಕಿಂತ ಒಂದು ಎಳ್ಳಿನಷ್ಟೂ ಹೆಚ್ಚು ಹೇಳಿಕೊಳ್ಳಬಾರದು. ಇನ್ನೊಬ್ಬರು ಹೇಳಿಕೊಂಡುದರಲ್ಲಿ ಎಳ್ಳಿನಷ್ಟು ತಪ್ಪು ಕಂಡರೆ ಅವರ ಬೆಟ್ಟದಂಥ ಬಾಳನ್ನು ಮರೆಯಬಾರದು.

ಹಮ್ಮಿನ ಇನ್ನೊಂದು ರೂಪವೂ ಉಂಟು, ಅದು ಸೂಕ್ಷ್ಮವಾದುದು. ಸಿರಿವಂತನಿಗೆ ಸಿರಿಯ ಹಮ್ಮಿರುವಂತೆ, ಮೇಲೇರಿದವನಿಗೆ ಹಿಂದಿನ ಬಡತನದ ಹಮ್ಮು ಬರಬಹುದು. ಸಭೆ ಸಿಕ್ಕಲ್ಲೆಲ್ಲ ತಾನು ಕೆಳಗಿನಿಂದ ಬಂದವನೆಂದು ಸಾರುತ್ತ, ನೇರವಾಗಿ ಅಧಿಕಾರಿಗಳಾದವರನ್ನು ಹಗುರವಾಗಿ ನೋಡುವವನು ಸತ್ಯವನ್ನು ಹೇಳುತ್ತಿಲ್ಲ, ಸತ್ಯವನ್ನು ಬಂಡವಾಳ ಮಾಡಿಕೊಂಡಿದ್ದಾನೆ. ಕೆಳಗಿನಿಂದ ಬಂದದ್ದೇ ಯೋಗ್ಯತೆಯಲ್ಲ. ಬಂದು ಏನು ಮಾಡಿದನೆಂಬುದು ಯೋಗ್ಯತೆ. ವಿನಯವೆಂದರೆ ಹೇಳದಿರುವುದಲ್ಲ, ಮೆರೆಯದೆ ಹೇಳುವುದು.

ಹಾಗಾದರೆ ಬರೆಯಬೇಕಾದ ಕ್ರಮವೇನು? ನಮಗೆ ತೋರಿದಂತೆ ಇದು ಕಠಿಣವಲ್ಲ. ಕಾಲಾನುಕ್ರಮದಲ್ಲಿ, ಮೊದಲ ವಾಕ್ಯದಲ್ಲಿಯೇ, ಇಂಥ ವರ್ಷ ಇಂಥ ಪಲ್ಟಣದಲ್ಲಿ ಸಿಪಾಯಿಯಾಗಿ ಸೇರಿದರು, ಇಷ್ಟು ವರ್ಷ ಸೇವೆ ಸಲ್ಲಿಸಿ ಇಂಥ ಪದವಿಯವರೆಗೆ ಬಂದರು, ಇಂಥ ವರ್ಷ ಅಧಿಕಾರಪತ್ರ ಪಡೆದರು ಎಂದು ಬರೆಯಬೇಕು. ಆ ಕಾಲದಲ್ಲಿ ಬಂದ ಪದಕಗಳನ್ನು ಆ ಕಾಲದ ಪದವಿಯೊಡನೆಯೇ ಹೇಳಬೇಕು. ಒಟ್ಟು ಸೇವೆಯ ವರ್ಷಗಳನ್ನು ಹೇಳುವಾಗ, ಅದರಲ್ಲಿ ಸಿಪಾಯಿಯಾಗಿ ಎಷ್ಟು, ಅಧಿಕಾರಿಯಾಗಿ ಎಷ್ಟು ಎಂಬುದು ಓದುವವರಿಗೆ ತಿಳಿಯುವಂತಿರಬೇಕು. ಗೌರವ ಪದವಿಯಾದರೆ ಹಾಗೆಂದೇ ಬರೆಯಬೇಕು. ‘ಕಷ್ಟಪಟ್ಟು’, ‘ಬೆವರು ಸುರಿಸಿ’ ಎಂಬ ಅಲಂಕಾರಗಳು ಬೇಡ. ವರ್ಷಗಳ ಎಣಿಕೆಯೇ ಬೆವರನ್ನು ಹೇಳುತ್ತದೆ. ಎರಡು ಮೂರು ಸಾಲುಗಳು ಸಾಕು. ಸಂಕ್ಷೇಪವೆಂದರೆ ಎಲ್ಲ ಭಾಗಗಳನ್ನೂ ಸಮವಾಗಿ ಕಿರಿದು ಮಾಡುವುದು, ಒಂದು ಭಾಗವನ್ನು ಕಿತ್ತೆಸೆಯುವುದಲ್ಲ. ಸದ್ಭಕ್ತರ ಪ್ರಶ್ನೆಗೆ ಇದೇ ಉತ್ತರ: ಕೇಳುವವನು ಪೂರ್ಣ ಕಥೆಯೆಂದು ನಂಬುವ ಜಾಗದಲ್ಲಿ ಅರ್ಧವನ್ನು ಬಿಟ್ಟರೆ ಅದು ಸುಳ್ಳಿನ ತಮ್ಮನಾಗುತ್ತದೆ.

ಆದರೆ ಬಚ್ಚಿಡುವವನೊಬ್ಬನ ಮೇಲೆಯೇ ಹೊಣೆ ಹೊರಿಸುವುದು ಸರಿಯಲ್ಲ. ‘ಅವನು ಮೊದಲು ಸಿಪಾಯಿಯಾಗಿದ್ದವನು’ ಎಂಬ ಒಂದೇ ಮಾತನ್ನು ಒಬ್ಬರು ಗೌರವದಿಂದ ಆಡುತ್ತಾರೆ, ಇನ್ನೊಬ್ಬರು ತುಟಿ ಕೊಂಕಿಸಿ ಆಡುತ್ತಾರೆ. ಬೀಗತನದ ಮಾತುಕತೆಯಲ್ಲಿ, ಸರೀಕರ ಸಭೆಯಲ್ಲಿ ಆ ಕೊಂಕನ್ನು ಕೇಳಿ ಕೇಳಿ ಬೇಸತ್ತ ಮನೆಯವರು ಆ ವರ್ಷಗಳನ್ನು ಒರಸಲು ಹೊರಟರೆ, ಒರಸುವ ಬಟ್ಟೆಯನ್ನು ಅವರ ಕೈಗೆ ಕೊಟ್ಟವರು ನಾವೇ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪುರಾಣ ಪ್ರವಚನಗಳಲ್ಲಿ ತಲೆದೂಗಿ, ಹೊರಗೆ ಬಂದೊಡನೆ ಅಳಿಯನ ಹುದ್ದೆಯ ಅಂತಸ್ತನ್ನು ಅಳೆಯುವ ಸಮಾಜದಲ್ಲಿ ಸತ್ಯ ಹೇಳುವುದಕ್ಕೆ ಧೈರ್ಯ ಬೇಕಾಗುತ್ತದೆ. ಸತ್ಯ ಹೇಳಲು ಧೈರ್ಯ ಬೇಕಾಗದಂಥ ಸಮಾಜವನ್ನು ಕಟ್ಟುವುದು ಶರಣಧರ್ಮದ ಗುರಿಯಾಗಿತ್ತಲ್ಲವೆ?

ಈ ಪತ್ರಿಕೆಯನ್ನು ಓದುವವರಲ್ಲಿ ಮಠದ ಪ್ರಸಾದ ನಿಲಯಗಳಲ್ಲಿದ್ದು ಓದಿದವರು ಬಹುಮಂದಿ. ಭಕ್ತರ ಹೊಲದಿಂದ ಬಂದ ಜೋಳ, ಜೋಳಿಗೆಯಲ್ಲಿ ಬಂದ ಭಿಕ್ಷೆ, ಸಾಲುಪಂಕ್ತಿಯ ಪ್ರಸಾದ, ಒಂದೇ ದೀಪದ ಸುತ್ತ ಕುಳಿತ ಓದು, ಇವುಗಳಿಂದ ಬೆಳೆದವರು ಇಂದು ವೈದ್ಯರೂ ಇಂಜಿನಿಯರರೂ ನ್ಯಾಯವಾದಿಗಳೂ ಸೈನ್ಯಾಧಿಕಾರಿಗಳೂ ಆಗಿ ದೇಶವಿದೇಶಗಳಲ್ಲಿದ್ದಾರೆ. ಅವರ ಪರಿಚಯಪತ್ರಗಳು ನಮ್ಮ ಕೈಗೂ ಬರುತ್ತವೆ. ಕೆಲವರು ಮೊದಲ ಸಾಲಿನಲ್ಲಿಯೇ ಪ್ರಸಾದ ನಿಲಯವನ್ನು ಬರೆದಿರುತ್ತಾರೆ. ಕೆಲವರ ಪತ್ರದ ಬಾಳು ದೊಡ್ಡ ಊರಿನ ಕಾಲೇಜಿನಿಂದಲೇ ಆರಂಭವಾಗುತ್ತದೆ. ಅದಕ್ಕೆ ಹಿಂದೆ ಅವರು ಉಂಡಿರಲೇ ಇಲ್ಲವೋ ಎಂಬಂತೆ. ಮಠಕ್ಕೆ ಆ ಒಂದು ಸಾಲಿನ ಹಂಗಿಲ್ಲ. ನೀಡಿದ್ದನ್ನು ಬರೆದಿಟ್ಟುಕೊಳ್ಳುವುದು ದಾಸೋಹವೂ ಅಲ್ಲ. ಆದರೆ ಇಂದು ರಾತ್ರಿಯೂ ಅದೇ ಪಂಕ್ತಿಯಲ್ಲಿ ತಟ್ಟೆ ಹಿಡಿದು ಕುಳಿತಿರುವ ಹುಡುಗನಿಗೆ ಆ ಸಾಲು ಬೇಕು. ತನ್ನ ತಟ್ಟೆಯಿಂದ ಎದ್ದುಹೋದವನೊಬ್ಬನು ಎಲ್ಲಿಗೆ ಮುಟ್ಟಿದನೆಂದು ಅವನಿಗೆ ತಿಳಿಯಬೇಕು.

ತಾನು ನಡೆದು ಬಂದ ದಾರಿಯ ಒಂದು ಹೆಜ್ಜೆಗೂ ನಾಚದಂತೆ ನಡೆಯುವುದು ಮೊದಲ ಭಾಗ್ಯ. ನಡೆದ ಹೆಜ್ಜೆಗಳನ್ನು ಹೆಚ್ಚಿಸದೆ, ಕಡಮೆ ಮಾಡದೆ ಹೇಳುವ ನಾಲಿಗೆ ಎರಡನೆಯ ಭಾಗ್ಯ. ಇನ್ನೊಬ್ಬರು ಹಾಗೆ ಹೇಳಿದಾಗ ಕೊಂಕಿಲ್ಲದೆ ಕೇಳುವ ಕಿವಿ ಮೂರನೆಯ ಭಾಗ್ಯ. ಈ ಮೂರನ್ನೂ ಪರಶಿವನು ನಮ್ಮ ಸದ್ಭಕ್ತರಿಗೆಲ್ಲ ಕರುಣಿಸಲೆಂದು ಹಾರೈಸುತ್ತೇವೆ.